ಗೋಕರ್ಣದ ಹೋಮ್‌ಸ್ಟೇಯಲ್ಲಿರುವ ಉಕ್ರೇನ್ ತಾಯಿ-ಮಗಳ ವೀಸಾ ಅರ್ಜಿ ವಾಪಸ್ ಬಂದಿರುವ ಬಗ್ಗೆ

ನಿಮ್ಮಲ್ಲಿ ತಂಗಿರುವ ತಾಯಿ-ಮಗಳ ವೀಸಾ ವಿಸ್ತರಣೆ ಅರ್ಜಿ ಯಾಕೆ ವಾಪಸ್ ಬಂತು, ಮುಂದೇನು ಮಾಡಬೇಕು ಎಂದು ಕೇಳಿದ್ದಿರಿ. ಕಾರಣ ಬಹುಶಃ ಸಿ-ಫಾರ್ಮ್, ಅಂದರೆ ವಿದೇಶಿಯರು ಎಲ್ಲಿ ತಂಗಿದ್ದಾರೆ ಎಂದು ಸರ್ಕಾರಕ್ಕೆ ತಿಳಿಸುವ ಫಾರ್ಮ್ (ಈಗ ಇದರ ಹೆಸರು ಫಾರ್ಮ್-III). ಅವರು ಗೋವಾದಿಂದ ನಿಮ್ಮಲ್ಲಿಗೆ ಬಂದವರು ಅಂದಿರಿ. ಬಹುಶಃ ದಾಖಲೆಯಲ್ಲಿ ಇನ್ನೂ ಗೋವಾದ ವಿಳಾಸವೇ ಉಳಿದಿದೆ. ವಿದೇಶಿಯರು ಬಂದ 24 ಗಂಟೆಯೊಳಗೆ ಸಿ-ಫಾರ್ಮ್ ತುಂಬುವುದು ಮನೆ ಕೊಟ್ಟವರ ಕೆಲಸ, ಅವರದ್ದಲ್ಲ. ತಡವಾಗಿದ್ದರೂ ಇವತ್ತೇ ತುಂಬಿ. ಅದನ್ನು ಆನ್‌ಲೈನ್‌ನಲ್ಲಿ ತುಂಬಲು ಲಾಗಿನ್ ಇಲ್ಲದಿದ್ದರೆ ಕಾರವಾರದ ಎಸ್‌ಪಿ ಕಚೇರಿಗೆ ನೀವೇ ಹೋಗಿ. ಬೈದರೂ ಬೈಯಬಹುದು, ಸುಮ್ನೆ ಕೇಳಿಸಿಕೊಳ್ಳಿ.

ಆಮೇಲೆ ಅದರ ಪ್ರತಿ ಸೇರಿಸಿ ಇ-ಎಫ್‌ಆರ್‌ಆರ್‌ಒ ಪೋರ್ಟಲ್‌ನಲ್ಲಿ (ವಿದೇಶಿಯರ ವೀಸಾ ಕೆಲಸಗಳಿಗಿರುವ ಸರ್ಕಾರಿ ವೆಬ್‌ಸೈಟ್) ಮತ್ತೆ ಅರ್ಜಿ ಹಾಕಿಸಿ. ವೀಸಾ ಮುಗಿಯುವ ಮೊದಲೇ ಆಗಬೇಕು. ಊರಿಗೆ ಯಾಕೆ ಹೋಗಲಾಗುತ್ತಿಲ್ಲ ಎಂದು ಒಂದು ಪುಟದ ಪತ್ರವೂ ಇರಲಿ. ಅವರ ಮನೆ ಖಾರ್ಕಿವ್‌ನಲ್ಲಿ ಅಂದಿರಲ್ಲ, ಅದನ್ನೇ ನೇರವಾಗಿ ಬರೆಯಲಿ.

ಆದರೆ ಜಾಸ್ತಿ ಆಸೆ ಹುಟ್ಟಿಸಬೇಡಿ. ಇ-ಟೂರಿಸ್ಟ್ ವೀಸಾವನ್ನು (ಆನ್‌ಲೈನ್‌ನಲ್ಲಿ ಪಡೆಯುವ ಪ್ರವಾಸಿ ವೀಸಾ) ಸಾಮಾನ್ಯವಾಗಿ ವಿಸ್ತರಿಸುವುದಿಲ್ಲ. ಯುದ್ಧದ ಕಾರಣ ಒಪ್ಪುತ್ತಾರೋ ಇಲ್ಲವೋ, ಅದು ಅಧಿಕಾರಿಗೆ ಬಿಟ್ಟಿದ್ದು. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ಹಾಗಾಗಿ ಅದನ್ನು ತೋರಿಸಿ ಹಕ್ಕು ಕೇಳಲಾಗದು. ದೆಹಲಿಯ ಯುಎನ್‌ಎಚ್‌ಸಿಆರ್ (ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ) ಕಚೇರಿಯನ್ನು ಸಂಪರ್ಕಿಸಬಹುದು, ಆದರೆ ಅವರು ಕೊಡುವ ಕಾರ್ಡ್ ವೀಸಾ ಅಲ್ಲ.

ಅರ್ಜಿ ತಿರಸ್ಕಾರವಾದರೆ ಅದೇ ಪೋರ್ಟಲ್‌ನಲ್ಲಿ ಎಕ್ಸಿಟ್ ಪರ್ಮಿಟ್ (ದೇಶ ಬಿಟ್ಟು ಹೋಗಲು ಅನುಮತಿ) ಕೇಳಲಿ. ಅವಧಿ ಮೀರಿದ ಮೇಲೆ ಅದಿಲ್ಲದೆ ಹೋದರೆ ಏರ್‌ಪೋರ್ಟ್‌ನಲ್ಲಿ ತಡೆಯುತ್ತಾರೆ. "ನಾನು ಮಾಡಿಸಿಕೊಡ್ತೀನಿ" ಎನ್ನುವ ಏಜೆಂಟರಿಗೆ ಮಾತ್ರ ದುಡ್ಡು ಕೊಡಬೇಡಿ.