ಇಬ್ಬರು ಮಕ್ಕಳು, ಅತ್ತೆ, ಜೊತೆಗೊಂದು ಲ್ಯಾಬ್ರಡಾರ್: ಯಾವ ಎಲೆಕ್ಟ್ರಿಕ್ ಕಾರು ಸರಿ?

ಪ್ರಶ್ನೆ: ಸರ್, ನಾವು ರಾಜರಾಜೇಶ್ವರಿ ನಗರದ ಅಪಾರ್ಟ್‌ಮೆಂಟಿನಲ್ಲಿ ಇದ್ದೇವೆ. ನಾನು, ಯಜಮಾನರು, ನಾಲ್ಕು ವರ್ಷದ ಮಗ, ಅತ್ತೆ. ಇನ್ನು ಮೂರು ತಿಂಗಳಿಗೆ ಎರಡನೇ ಮಗು. ಜೊತೆಗೆ 30 ಕೆಜಿ ತೂಗುವ ಲ್ಯಾಬ್ರಡಾರ್ ಇದೆ. ಹಳೇ ಹ್ಯಾಚ್‌ಬ್ಯಾಕ್ ಸಾಲುತ್ತಿಲ್ಲ. ಯಜಮಾನರು ಆಫೀಸಿಗೆ ವೈಟ್‌ಫೀಲ್ಡ್‌ವರೆಗೂ ಕಾರಲ್ಲೇ ಹೋಗುತ್ತಾರೆ. ಆಗಾಗ ಎಲ್ಲರೂ ಪುತ್ತೂರಿಗೆ ಹೋಗುತ್ತೇವೆ, ನಾಯಿಯನ್ನೂ ಬಿಟ್ಟು ಹೋಗಲ್ಲ. ಬಜೆಟ್ ಸುಮಾರು 25 ಲಕ್ಷ. ಐದು ಸೀಟಿನ ಇವಿ ಸಾಕಾ, ಏಳು ಸೀಟಿನದ್ದೇ ಬೇಕಾ?

ಉತ್ತರ: ಏಳು ಸೀಟಿನದ್ದೇ ತಗೊಳ್ಳಿ. ಏಳು ಜನ ಕೂರಲಿ ಅಂತಲ್ಲ, ಮೂರನೇ ಸಾಲನ್ನು ಮಡಚಿ ನಾಯಿಗೆ ಜಾಗ ಮಾಡಿಕೊಡೋಕೆ.

ಶೋರೂಮಿಗೆ ಹೋದರೆ ಡಿಕ್ಕಿ ಎಷ್ಟು ಲೀಟರ್ ಅಂತ ಹೇಳುತ್ತಾರೆ. ಎಂಜಿ ವಿಂಡ್ಸರ್‌ನ 38 ಯೂನಿಟ್ (ಕಿಲೋವ್ಯಾಟ್ ಅವರ್) ಬ್ಯಾಟರಿ ಮಾದರಿಯಲ್ಲಿ 604 ಲೀಟರ್ ಇದೆ, ಹ್ಯುಂಡೈ ಕ್ರೆಟಾ ಎಲೆಕ್ಟ್ರಿಕ್‌ನಲ್ಲಿ 433. ಆದರೆ ನಾಯಿಗೂ ಈ ಲೆಕ್ಕಕ್ಕೂ ಸಂಬಂಧ ಕಡಿಮೆ. ಅದಕ್ಕೆ ಬೇಕಾಗಿರೋದು ಕಾಲು ಚಾಚಿ ಮಲಗೋಕೆ ಚಪ್ಪಟೆ ನೆಲ, ತಲೆ ಎತ್ತಿ ಕೂರೋಕೆ ಎತ್ತರ, ಹತ್ತಿ ಇಳಿಯೋಕೆ ಸುಲಭವಾದ ಅಂಚು. ಡಿಕ್ಕಿಯ ಅಂಚು ಜಾಸ್ತಿ ಎತ್ತರ ಇದ್ದರೆ ಲ್ಯಾಬ್ ಈಗ ಹಾರುತ್ತೆ, ವಯಸ್ಸಾದ ಮೇಲೆ ಕೀಲು ನೋವು ಶುರುವಾಗುತ್ತೆ. ಆಗ ರ‍್ಯಾಂಪ್ ಇಡಬೇಕಾಗುತ್ತೆ.

ಈಗ ಪುತ್ತೂರಿಗೆ ಹೊರಟ ದಿನವನ್ನೇ ತಗೊಳ್ಳಿ. ಯಜಮಾನರು ಓಡಿಸುತ್ತಾರೆ. ಮಂಡಿ ನೋವಿದ್ದರೂ ಇಲ್ಲದಿದ್ದರೂ ಅತ್ತೆ ಮುಂದಿನ ಸೀಟಲ್ಲಿ. ಮೊದಲ ವರ್ಷ ನೀವು ಮಗುವಿನ ಪಕ್ಕ ಬಿಟ್ಟು ಕದಲಲ್ಲ. ಅಂದ್ರೆ ಹಿಂದಿನ ಸಾಲಲ್ಲಿ ಮಗುವಿನ ಸೀಟು, ಮಗನ ಸೀಟು, ಮಧ್ಯೆ ನೀವು. ಐದು ಸೀಟಿನ ಕಾರು ಅಲ್ಲಿಗೇ ಭರ್ತಿ. ನಾಯಿ ಡಿಕ್ಕಿಗೆ ಹೋದರೆ ಬ್ಯಾಗು, ಡೈಪರ್, ಬರುವಾಗ ಊರಿನ ತೆಂಗಿನಕಾಯಿ ಎಲ್ಲಿ? ಚಾವಣಿ ಮೇಲೆ ಕಟ್ಟಿದರೆ ಗಾಳಿಯ ಹೊಡೆತಕ್ಕೆ ರೇಂಜ್, ಅಂದ್ರೆ ಒಂದು ಚಾರ್ಜ್‌ಗೆ ಓಡುವ ದೂರ, ಇಳಿಯುತ್ತೆ.

ನಿಮ್ಮ ಬಜೆಟ್‌ಗೆ ನಾನು ಹೇಳೋದು ಕಿಯಾ ಕಾರೆನ್ಸ್ ಕ್ಲಾವಿಸ್ ಇವಿ, 51.4 ಯೂನಿಟ್ ಬ್ಯಾಟರಿಯದ್ದು. 2025ರ ಜುಲೈನಲ್ಲಿ ಬಂದಾಗ ಈ ಕಾರಿನ ಬೇರೆ ಬೇರೆ ಮಾದರಿಗಳ ಎಕ್ಸ್‌ಶೋರೂಮ್ ಬೆಲೆ 17.99 ಲಕ್ಷದಿಂದ 24.49 ಲಕ್ಷದವರೆಗೆ ಇತ್ತು. ಮೂರೂ ಸಾಲು ನಿಂತಾಗ ಹಿಂದೆ ಉಳಿಯೋದು ಬರೀ 216 ಲೀಟರ್. ಆದರೆ ಮೂರನೇ ಸಾಲು ಅರ್ಧರ್ಧ ಮಡಚುತ್ತೆ. ಊರೊಳಗೆ ಪೂರ್ತಿ ಮಡಚಿಟ್ಟು ನಾಯಿಗೇ ಬಿಡಿ. ಪುತ್ತೂರಿಗೆ ಹೋಗುವಾಗ ಎರಡನೇ ಸಾಲು ಇಕ್ಕಟ್ಟಾದರೆ ಮಗನನ್ನು ಬೂಸ್ಟರ್ ಸೀಟ್ ಸಮೇತ ಮೂರನೇ ಸಾಲಿನ ಒಂದು ಕಡೆ ಕೂರಿಸಿ, ಇನ್ನೊಂದು ಕಡೆ ಮಡಚಿ ನಾಯಿಗೆ ಕೊಡಿ. ಇಬ್ಬರ ಮಧ್ಯೆ ಜಾಲರಿ ಇರಲಿ.

ಒಂದು ವಿಷಯ ಶೋರೂಮಲ್ಲಿ ಯಾರೂ ಹೇಳಲ್ಲ. ಮೂರನೇ ಸಾಲಿಗೆ ಹೋಗೋಕೆ ಎರಡನೇ ಸಾಲಿನ ಸೀಟು ಮಗುಚಬೇಕು. ಐಸೋಫಿಕ್ಸ್ ಕೊಂಡಿಗೆ (ಮಗುವಿನ ಸೀಟು ಸಿಗಿಸೋಕೆ ಅಂತಲೇ ಕಾರಿನ ಸೀಟಲ್ಲಿರುವ ಕೊಂಡಿ) ಮಗುವಿನ ಸೀಟು ಸಿಗಿಸಿದ ಮೇಲೆ ಆ ಕಡೆಯ ಸೀಟು ಮಗುಚಲ್ಲ. ಹಾಗಾಗಿ ಮಗುವಿನ ಸೀಟು ಒಂದು ಬದಿಗೆ, ಓಡಾಡೋ ದಾರಿ ಇನ್ನೊಂದು ಬದಿಗೆ ಅಂತ ಮೊದಲೇ ನಿರ್ಧಾರ ಮಾಡಿ. ಹಿಂದಕ್ಕೆ ಮುಖ ಮಾಡಿಸುವ ಸೀಟನ್ನು ಏರ್‌ಬ್ಯಾಗ್ ಇರುವ ಮುಂದಿನ ಸೀಟಿಗೆ ಯಾವತ್ತೂ ಹಾಕಬೇಡಿ, ಅತ್ತೆ ಎಷ್ಟೇ ಆಸೆಪಟ್ಟರೂ.

ಪುತ್ತೂರಿನ ದಾರಿ 300 ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಫುಲ್ ಚಾರ್ಜ್‌ಗೆ ಕಂಪನಿ ಹೇಳೋದು 490 ಕಿಮೀ. ಎಸಿ, ತುಂಬಿದ ಕಾರು, ಹೈವೇ ವೇಗ ಎಲ್ಲಾ ಸೇರಿದರೆ ಅದರಲ್ಲಿ ಮುಕ್ಕಾಲು ಭಾಗವನ್ನೂ ನಾನು ಲೆಕ್ಕಕ್ಕೆ ಹಿಡಿಯಲ್ಲ. ಹಾಸನದಲ್ಲಿ ಒಮ್ಮೆ ನಿಲ್ಲಿ. 100 ಕಿಲೋವ್ಯಾಟ್ ಚಾರ್ಜರ್ ಸಿಕ್ಕರೆ 10ರಿಂದ 80 ಪರ್ಸೆಂಟ್‌ಗೆ 39 ನಿಮಿಷ ಅಂತ ಕಂಪನಿ ಹೇಳುತ್ತೆ. ಚಾರ್ಜರ್ ಸಣ್ಣದಾದರೆ ಗಂಟೆ ಆಗಬಹುದು. ಮಗುವಿಗೆ ಹಾಲು, ನಾಯಿಗೆ ಒಂದು ಸುತ್ತು ನಡಿಗೆ, ನಿಮಗೆ ಕಾಫಿ. ಅಷ್ಟು ಹೊತ್ತು ಹೇಗೂ ಬೇಕಲ್ವಾ?

ಹೋಗುವಾಗ ಶಿರಾಡಿ ಇಳಿಜಾರಲ್ಲಿ ಬ್ಯಾಟರಿಗೆ ಸ್ವಲ್ಪ ವಾಪಸ್ ಬರುತ್ತೆ. ಬರುವಾಗಿನದ್ದೇ ಬೇರೆ ಕಥೆ. ಗುಂಡ್ಯದಿಂದ ಸಕಲೇಶಪುರಕ್ಕೆ ಏರೋದು ಸುಮಾರು 800 ಮೀಟರ್. ಎರಡು ಟನ್ ತೂಕವನ್ನು ಅಷ್ಟು ಎತ್ತರಕ್ಕೆ ಒಯ್ಯೋಕೇ 5 ಯೂನಿಟ್ ಹತ್ತಿರ ಬೇಕು, ಅಂದ್ರೆ ಸಮತಟ್ಟು ರಸ್ತೆಯ 30 ಕಿಮೀ ಘಾಟಿ ನುಂಗಿಬಿಡುತ್ತೆ. ಪುತ್ತೂರಿನಿಂದ ಹೊರಡುವ ಹಿಂದಿನ ರಾತ್ರಿ ಪೂರ್ತಿ ಚಾರ್ಜ್ ಮಾಡಿ. ಊರಿನ ಮನೆಯ 15 ಆಂಪ್ ಪಾಯಿಂಟಿನ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ಮೊದಲೇ ನೋಡಿಸಿ. ಅರ್ಥಿಂಗ್ ಸರಿ ಇಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ನೆ ಕೂರುತ್ತೆ.

ಘಾಟಿಯಲ್ಲಿ ಇನ್ನೊಂದು ತಾಪತ್ರಯ ಇದೆ. ಆಕ್ಸಿಲರೇಟರ್ ಬಿಟ್ಟ ಕೂಡಲೇ ಕಾರು ಗಕ್ಕನೆ ನಿಧಾನ ಆಗಿ ಆ ಶಕ್ತಿ ಬ್ಯಾಟರಿಗೆ ವಾಪಸ್ ಹೋಗುವ ರೀಜೆನ್ ಬ್ರೇಕಿಂಗ್ ಓಡಿಸುವವರಿಗೆ ಮಜಾ, ಹಿಂದೆ ಕೂತವರಿಗೆ ವಾಂತಿ. ನಾಯಿಗಂತೂ ಮುಂದೆ ಏನಾಗುತ್ತೆ ಅಂತ ಗೊತ್ತಾಗಲ್ಲ. ಕ್ಲಾವಿಸ್‌ನಲ್ಲಿ ಸ್ಟಿಯರಿಂಗ್ ಹಿಂದಿನ ಪ್ಯಾಡಲ್‌ನಿಂದ ರೀಜೆನ್ ಹೆಚ್ಚು ಕಡಿಮೆ ಮಾಡಬಹುದು. ನಾಯಿ ಇದ್ದಾಗ ಕಡಿಮೆಯಲ್ಲಿಡಿ, ಕಡಿದಾದ ಇಳಿಜಾರಲ್ಲಿ ಮಾತ್ರ ಏರಿಸಿ.

ಇನ್ನು ಪಾರ್ಕಿಂಗ್. ಕ್ಲಾವಿಸ್‌ನ ಚಾರ್ಜಿಂಗ್ ಪೋರ್ಟ್ ಮೂತಿಯಲ್ಲಿದೆ. ಬೇಸ್‌ಮೆಂಟಿನ ಗೋಡೆಗೆ ಪಾಯಿಂಟ್ ಹಾಕಿಸಿ ಮೂತಿ ಮುಂದಾಗಿ ನಿಲ್ಲಿಸಿದರೆ ಡಿಕ್ಕಿ ಬಾಗಿಲು ದಾರಿ ಕಡೆಗೆ ಬರುತ್ತೆ, ನಾಯಿ ಆರಾಮಾಗಿ ಇಳಿಯುತ್ತೆ. ಟಾಟಾ ನೆಕ್ಸಾನ್ ಇವಿ ತರಹ ಪೋರ್ಟ್ ಹಿಂದಿದ್ದರೆ ನೀವು ರಿವರ್ಸ್ ಹಾಕುತ್ತೀರಿ, ಆಗ ಡಿಕ್ಕಿ ಗೋಡೆಗೆ ಅಂಟಿಕೊಂಡು ಬಾಗಿಲೇ ತೆಗೆಯೋಕಾಗಲ್ಲ. ಪಿಲ್ಲರ್ ಪಕ್ಕದ ಜಾಗ ಆಗಿದ್ದರೆ ಟೇಪ್ ಹಿಡಿದು ಅಳೆಯಿರಿ. ಮಹೀಂದ್ರಾದ ಏಳು ಸೀಟಿನ ಎಕ್ಸ್‌ಇವಿ 9ಎಸ್ ಒಳ್ಳೆಯ ಕಾರೇ. ಆದರೆ ಅಗಲ 1.9 ಮೀಟರ್, ಕ್ಲಾವಿಸ್ 1.8. ನಮ್ಮ ಬೇಸ್‌ಮೆಂಟುಗಳಲ್ಲಿ ಮಗುವಿನ ಸೀಟಿಗಾಗಿ ಬಾಗಿಲು ಪೂರ್ತಿ ತೆರೆಯಬೇಕಾದಾಗ ಆ ಹತ್ತು ಸೆಂಟಿಮೀಟರ್ ಗೊತ್ತಾಗುತ್ತೆ.

ತೆರಿಗೆ ಬಗ್ಗೆ ಒಂದೇ ಮಾತು. 25 ಲಕ್ಷ ಮೀರಿದ ಇವಿಗೆ ಕರ್ನಾಟಕ 2024ರಲ್ಲಿ 10 ಪರ್ಸೆಂಟ್ ಜೀವಾವಧಿ ತೆರಿಗೆ ತಂದಿತು. ಟಾಪ್ ಮಾಡೆಲ್ ಆಸೆಗೆ ಆ ಗೆರೆ ದಾಟಬೇಡಿ. ಆನ್‌ರೋಡ್ ಬೆಲೆಯನ್ನು ಕಾಗದದಲ್ಲಿ ಬರೆಸಿಕೊಂಡೇ ಬುಕ್ ಮಾಡಿ.

ಟೆಸ್ಟ್ ಡ್ರೈವ್ ಕಾರನ್ನು ಮನೆಗೇ ತರಿಸಿ. ಮಗನ ಸೀಟು ಹಾಕಿ ನೋಡಿ, ನೀವೇ ಮಧ್ಯೆ ಕೂತು ನೋಡಿ, ನಾಯಿಯನ್ನು ಹತ್ತಿಸಿ. ಸೇಲ್ಸ್ ಹುಡುಗ ಮುಖ ಸಿಂಡರಿಸಿದರೆ ಒಂದು ಹಳೇ ಬೆಡ್‌ಶೀಟ್ ಹಾಸಿ. ಅತ್ತೆ ಜೊತೆಗೆ ಬರೋದು ಅಪರೂಪ ಅಂತಾದರೆ ಮಾತ್ರ ವಿಂಡ್ಸರ್ ಪ್ರೋ ನೋಡಿ. 52.9 ಯೂನಿಟ್ ಬ್ಯಾಟರಿ ಇದೆ, ಹಿಂದಿನ ಸೀಟು ಧಾರಾಳ, ದುಡ್ಡೂ ಉಳಿಯುತ್ತೆ.

ಪ್ರಶ್ನೆ: ನಮ್ಮ ಅಸೋಸಿಯೇಷನ್‌ನವರು 7 ಕಿಲೋವ್ಯಾಟ್ ಚಾರ್ಜರ್ ಹಾಕೋಕೆ ಬಿಡುತ್ತಿಲ್ಲ, ಲೋಡ್ ಸಾಲಲ್ಲ ಅಂತಾರೆ. ದಿನಾ 70 ಕಿಮೀ ಓಡಿಸುತ್ತೇನೆ. ಇವಿ ಆಸೆ ಬಿಡಬೇಕಾ? (ಜೆ.ಪಿ. ನಗರ)

ಉತ್ತರ: ಬಿಡಬೇಡಿ. 70 ಕಿಮೀಗೆ ದಿನಕ್ಕೆ 10ರಿಂದ 12 ಯೂನಿಟ್ ಸಾಕು. 15 ಆಂಪ್ ಪ್ಲಗ್‌ನಿಂದ ಗಂಟೆಗೆ ಸುಮಾರು 3 ಯೂನಿಟ್ ಹೋಗುತ್ತೆ. ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಗಿನ ಜಾವದೊಳಗೆ ಆಯಿತು. ಅಷ್ಟು ಲೋಡ್ ಒಂದು ಗೀಸರ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ನಿಮ್ಮ ಫ್ಲ್ಯಾಟಿನ ಮೀಟರಿನಿಂದಲೇ ಲೈನ್ ಎಳೆಸುತ್ತೇನೆ, ಕಾಮನ್ ಕರೆಂಟ್ ಮುಟ್ಟಲ್ಲ ಅಂತ ಲಿಖಿತವಾಗಿ ಕೇಳಿ. ಅಸೋಸಿಯೇಷನ್ ಜಗಳ ಮುಕ್ಕಾಲು ಪಾಲು ಬಿಲ್ ಯಾರು ಕಟ್ಟೋದು ಅನ್ನೋದರ ಮೇಲೇ ಇರುತ್ತೆ. ಒಳ್ಳೆ ದಪ್ಪದ ಕೇಬಲ್, ಪ್ರತ್ಯೇಕ ಎಂಸಿಬಿ, ಅರ್ಥ್ ಲೀಕೇಜ್ ಬ್ರೇಕರ್ ಇರಲೇಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಮಾತ್ರ ಬೇಡವೇ ಬೇಡ, ಪ್ಲಗ್ ಕರಗಿ ಹೋಗುತ್ತೆ. ಪ್ರತ್ಯೇಕ ಮೀಟರ್ ಬೇಕಿದ್ದರೆ ಬೆಸ್ಕಾಂನಲ್ಲಿ ಇವಿ ಚಾರ್ಜಿಂಗ್‌ಗೇ ಬೇರೆ ದರದ ಕನೆಕ್ಷನ್ ಸಿಗುತ್ತೆ.

ಪ್ರಶ್ನೆ: ಇವಿಯಲ್ಲಿ ಎಂಜಿನ್ ಆನ್ ಮಾಡದೆ ಎಸಿ ಓಡುತ್ತಲ್ವಾ? ಹಾಗಾದರೆ ಅಂಗಡಿಗೆ ಹೋದಾಗ ನಾಯಿಯನ್ನು ಕಾರಲ್ಲೇ ಬಿಡಬಹುದಾ? (ಬಸವನಗುಡಿ)

ಉತ್ತರ: ಎಸಿ ಓಡುತ್ತೆ, ಗಂಟೆಗೆ ಹೆಚ್ಚೂಕಮ್ಮಿ ಒಂದು ಯೂನಿಟ್ ಖರ್ಚು. ಆದರೆ ನೀವು ಲಾಕ್ ಮಾಡಿ ಹೋದ ಮೇಲೆ ಎಷ್ಟೋ ಕಾರುಗಳಲ್ಲಿ ಅದು ತಾನಾಗೇ ಆಫ್ ಆಗುತ್ತೆ. ಅದರಲ್ಲೂ ಗಾಜಿನ ಚಾವಣಿ ಇದ್ದರೆ ಏಪ್ರಿಲ್ ಬಿಸಿಲಿಗೆ ಒಳಗೆ ಬೇಗ ಕಾಯುತ್ತೆ. ಯಾರಾದರೂ ಒಬ್ಬರು ಕಾರಲ್ಲೇ ಕೂರಿ. ಓಡಿಸುವಾಗ ನಾಯಿಗೆ ಎದೆ ಪಟ್ಟಿ ಹಾಕಿ ಸೀಟ್‌ಬೆಲ್ಟ್ ಬಕಲ್‌ಗೆ ಸಿಗಿಸಿ, ಕತ್ತಿನ ಪಟ್ಟಿಗೆ ಕಟ್ಟಬೇಡಿ. ಜೋರಾಗಿ ಬ್ರೇಕ್ ಹಾಕಿದರೆ ಕತ್ತು ಎಳೆಯುತ್ತೆ. ಹಿಂದಿನ ಸೀಟಿಗೆ ತೊಟ್ಟಿಲ ತರಹದ ಕವರ್ ತರೋದಾದರೆ ಬಕಲ್ ಹೊರಗೆ ಬರುವಂತೆ ಸೀಳು ಇರೋದನ್ನೇ ತನ್ನಿ. ಇಲ್ಲದಿದ್ದರೆ ಬೆಲ್ಟೆಲ್ಲಾ ಅದರಡಿ ಮುಚ್ಚಿಹೋಗಿ ಪಕ್ಕದಲ್ಲಿ ಕೂತ ಮಗುವಿಗೂ ಬೆಲ್ಟ್ ಇರಲ್ಲ.