ಆಪ್ತಸಲಹೆ ಪ್ರಕರಣ: ಅಕೌಂಟ್ಸ್ ಪೇಪರಿಗೆ ಸ್ಕ್ರೈಬ್ ಸಾಲದಾದಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದೆ.)

'ಕ' ಬೆಂಗಳೂರಿನ ಕಾಲೇಜೊಂದರಲ್ಲಿ ಬಿ.ಕಾಂ. ಓದುತ್ತಿರುವ ವಿದ್ಯಾರ್ಥಿನಿ. ಸೆರೆಬ್ರಲ್ ಪಾಲ್ಸಿಯಿಂದಾಗಿ ಎರಡೂ ಕೈಗಳಲ್ಲಿ ಬಿಗಿತ, ಮಾತು ತುಸು ಅಸ್ಪಷ್ಟ. ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಬರೆಯಲು ಸ್ಕ್ರೈಬ್ ಒಬ್ಬರಿರುತ್ತಾರೆ. ಬೇರೆ ವಿಷಯಗಳಲ್ಲಿ ಒಳ್ಳೆಯ ಅಂಕ, ಅಕೌಂಟ್ಸ್ ಮಾತ್ರ ಎರಡು ಸಲ ಫೇಲ್.

"ಬಿ.ಎ.ಗೆ ಸೇರಿಸಿಬಿಡೋಣ ಮೇಡಂ, ಲೆಕ್ಕ ಇವಳಿಗೆ ಆಗಿಬರಲ್ಲ" ಎಂದರು ತಂದೆ. ಮಗಳು ತಲೆಯೆತ್ತಿ, "ಲೆಕ್ಕ ಬರುತ್ತೆ ಮೇಡಂ. ಹೇಳಿ ಬರೆಸೋದ್ರೊಳಗೆ ಬೆಲ್ ಹೊಡೆದುಬಿಡುತ್ತೆ" ಎಂದಳು.

ಅವಳ ಮಾತೇ ಸರಿ. ಆಗ ಜಾರಿಯಲ್ಲಿದ್ದ 2018ರ ಕೇಂದ್ರ ಮಾರ್ಗಸೂಚಿಯಂತೆ, ಅಭ್ಯರ್ಥಿಯೇ ಕರೆತರುವ ಸ್ಕ್ರೈಬ್ ಓದಿನಲ್ಲಿ ಒಂದು ಹಂತ ಕೆಳಗಿರಬೇಕು. ಸಿಕ್ಕಿದ್ದು ಪಿಯುಸಿ ಸೈನ್ಸ್ ಹುಡುಗ. ಡೆಬಿಟ್ ಯಾವ ಕಡೆ, ಗೆರೆ ಎಲ್ಲಿ ಎಂಬುದನ್ನೂ ಬಾಯಲ್ಲೇ ಹೇಳಬೇಕು. ಹದಿನೈದು ಸಾವಿರ ಅವನಿಗೆ ಹದಿನಾರು ಸಾವಿರ ಎಂದು ಕೇಳಿಸಿದರೆ ಟ್ರಯಲ್ ಬ್ಯಾಲೆನ್ಸ್ (ಡೆಬಿಟ್, ಕ್ರೆಡಿಟ್ ಮೊತ್ತ ತಾಳೆ ನೋಡುವ ಪಟ್ಟಿ) ಕೆಟ್ಟಂತೆಯೇ. ಗಂಟೆಗೆ 20 ನಿಮಿಷದಂತೆ 3 ಗಂಟೆಯ ಪೇಪರಿಗೆ ಹೆಚ್ಚುವರಿಯಾಗಿ ಸಿಕ್ಕ ಒಂದು ಗಂಟೆ ಇದರಲ್ಲೇ ಕರಗಿತ್ತು.

ಕೋರ್ಸ್ ಬದಲಿಸುವ ಮಾತು ಸದ್ಯಕ್ಕೆ ಬೇಡ, ಉತ್ತರಿಸುವ ವಿಧಾನ ಬದಲಿಸಲು ಕೇಳಿ ಎಂದೆ. ಕಂಪ್ಯೂಟರಿನಲ್ಲಿ ಬರೆಯುವ ಆಯ್ಕೆ ಅದೇ ಮಾರ್ಗಸೂಚಿಯಲ್ಲಿತ್ತು. ಆದರೆ ಸ್ವಂತ ಲ್ಯಾಪ್‌ಟಾಪ್ ನಡೆಯುತ್ತಿರಲಿಲ್ಲ. ತನ್ನ ಕೀಬೋರ್ಡ್, ಮೌಸ್ ತರಬಹುದಿತ್ತು, ಯಂತ್ರವನ್ನು ಹಿಂದಿನ ದಿನವೇ ಪರೀಕ್ಷಿಸಬಹುದಿತ್ತು. ಕೀಲಿಗಳ ಮೇಲೆ ತೂತಿನ ಹಲಗೆಯಿರುವ ಕೀಬೋರ್ಡ್ ಅವಳಿಗೆ ಒಗ್ಗಿತು. ವಿಂಡೋಸ್‌ನಲ್ಲಿ ಸ್ಟಿಕಿ ಕೀಸ್ ಹಾಕಿಕೊಂಡರೆ ಎರಡು ಕೀಲಿ ಒಟ್ಟಿಗೆ ಒತ್ತಬೇಕಿಲ್ಲ. ಫಿಲ್ಟರ್ ಕೀಸ್ ಆಕಸ್ಮಿಕ ಒತ್ತುಗಳನ್ನು ಬಿಟ್ಟುಬಿಡುತ್ತದೆ.

ಎಕ್ಸೆಲ್‌ನಲ್ಲಿ ಜರ್ನಲ್, ಲೆಡ್ಜರ್ ಕಾಲಂಗಳ ಖಾಲಿ ನಮೂನೆಯನ್ನು ಅಧ್ಯಾಪಕರೇ ಮಾಡಿಕೊಡಲಿ. ತಾರೀಖಿನ ಕಾಲಂ ಟೆಕ್ಸ್ಟ್ ಆಗಿರಲಿ, ಇಲ್ಲದಿದ್ದರೆ 1-4 ಎಂದು ಹೊಡೆದದ್ದು ತಾನೇ ಬೇರೆ ರೂಪಕ್ಕೆ ತಿರುಗುತ್ತದೆ. ಕೂಡುವ ಸೂತ್ರ ಬಳಸಬಹುದೇ ಎಂಬುದು ಮೊದಲೇ ಬರಹದಲ್ಲಿ ಇತ್ಯರ್ಥವಾಗಲಿ. ಕ್ಯಾಲ್ಕುಲೇಟರ್ ಒಪ್ಪುವ ಪರೀಕ್ಷೆಯಲ್ಲಿ ಇದಕ್ಕೆ ಅಡ್ಡಿ ಹೇಳಲು ಕಾರಣ ನನಗಂತೂ ಕಾಣದು. ಇಂಟರ್ನೆಟ್ ಬಂದ್, ಯುಪಿಎಸ್ ಕಡ್ಡಾಯ. ಪ್ರಿಂಟ್‌ನ ಪ್ರತಿ ಹಾಳೆಗೂ ರಿಜಿಸ್ಟರ್ ನಂಬರ್, ಪುಟಸಂಖ್ಯೆ, ಮೇಲ್ವಿಚಾರಕರ ಸಹಿ ಹಾಕಿಸಿ ಉತ್ತರಪತ್ರಿಕೆಗೆ ಕಟ್ಟಬೇಕು. ಬಿಡಿ ಹಾಳೆ ಮೌಲ್ಯಮಾಪನ ಕೇಂದ್ರ ತಲುಪುವಷ್ಟರಲ್ಲಿ ಎಲ್ಲಿ ಬೀಳುತ್ತದೋ!

ಅರ್ಜಿ ಹೋಗಬೇಕಾದ ಜಾಗದಲ್ಲೇ ಹೆಚ್ಚಿನವರು ಎಡವುತ್ತಾರೆ. ಇಂಟರ್ನಲ್ಸ್ ಕಾಲೇಜಿನ ಕೈಯಲ್ಲಿದೆ, ಪ್ರಾಂಶುಪಾಲರ ಒಪ್ಪಿಗೆ ಸಾಕು. ಸೆಮಿಸ್ಟರ್ ಪರೀಕ್ಷೆ ವಿಶ್ವವಿದ್ಯಾಲಯದ್ದು. ಪ್ರಾಂಶುಪಾಲರ ಮೂಲಕ ಕುಲಸಚಿವರಿಗೆ (ಮೌಲ್ಯಮಾಪನ) ಬರೆದು, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಬೇಕು. ಪರೀಕ್ಷಾ ಶುಲ್ಕ ಕಟ್ಟುವಾಗಲೇ ಕೊಡಿ, ಹಾಲ್ ಟಿಕೆಟ್ ಬಂದಮೇಲೆ ಯಾರೂ ಕಿವಿಗೊಡುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 17ನೇ ಕಲಂ ಉಲ್ಲೇಖಿಸಿ, ಯುಡಿಐಡಿ (ವಿಕಲಚೇತನರ ಗುರುತಿನ) ಕಾರ್ಡಿನ ಪ್ರತಿ ಲಗತ್ತಿಸಿ.

ಸೆಮಿನಾರ್ ಅಂಕಕ್ಕೆ ಇಡೀ ತರಗತಿಯ ಮುಂದೆ ನಿಲ್ಲುವ ಬದಲು ಧ್ವನಿಮುದ್ರಣ, ಆಮೇಲೆ ಅಧ್ಯಾಪಕರೊಬ್ಬರ ಮುಂದೆ ಪ್ರಶ್ನೋತ್ತರ ಕೇಳಲು ಹೇಳಿದೆ. ಅಂಕ ಕೊಡುವ ಮಾನದಂಡ ಎಲ್ಲರದ್ದೇ. "ಕನಿಕರಕ್ಕೆ ಪಾಸ್ ಮಾಡಿದ್ರು ಅನ್ನಲ್ವಾ?" ಎಂದು ತಂದೆ ಕೇಳಿದರು. ಪ್ರಶ್ನೆ ಸುಲಭ ಮಾಡಿದರೆ ಅನ್ನಬಹುದು, ಇಲ್ಲಿ ಪ್ರಶ್ನೆಪತ್ರಿಕೆ ಬದಲಾಗುತ್ತಿಲ್ಲವಲ್ಲ ಎಂದೆ.

ಇಂಟರ್ನಲ್ಸ್‌ಗೆ ಕಾಲೇಜು ಒಪ್ಪಿದೆ. ವಿಶ್ವವಿದ್ಯಾಲಯದ ಉತ್ತರ ಬರುವವರೆಗೆ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಪೂರ್ತಿ 4 ಗಂಟೆ ಕೂತು ಕಂಪ್ಯೂಟರಿನಲ್ಲಿ ಬಿಡಿಸಲು ತಿಳಿಸಿದ್ದೇನೆ. ಅನುಮತಿ ತಡವಾದರೆ ಕಾಮರ್ಸ್ ಓದಿದ ಸ್ಕ್ರೈಬ್ ಗೊತ್ತುಮಾಡಿ, ಎರಡು ದಿನ ಮೊದಲೇ ಭೇಟಿಯಾಗುವುದು.