ಓದುಗರ ಪ್ರಶ್ನೆ: ಕಾರ್ಡಿನ ಮೂಲೆಯಲ್ಲಿ ‘ಬ್ಲ್ಯಾಕ್ ಟೈ’

ಪ್ರಶ್ನೆ: ಚಿಕ್ಕಮಗಳೂರು ಕಡೆಯ ಎಸ್ಟೇಟ್ ಕ್ಲಬ್ಬೊಂದರ ರಾತ್ರಿಯೂಟಕ್ಕೆ ಆಹ್ವಾನ ಬಂದಿದೆ. ಕಾರ್ಡಿನಲ್ಲಿ ‘ಬ್ಲ್ಯಾಕ್ ಟೈ’ ಎಂದಿದೆ. ಮದುವೆಗೆ ಹೊಲಿಸಿದ ಕಪ್ಪು ಸೂಟಿಗೆ ಕಪ್ಪು ಟೈ ಕಟ್ಟಿದರೆ ಸಾಕೇ?
– ಓದುಗರು, ತೀರ್ಥಹಳ್ಳಿ

ಉತ್ತರ: ಸಾಲದು. ಇಲ್ಲಿ ಟೈ ಎಂದರೆ ಕಪ್ಪು ಬೋ ಟೈ (ಚಿಟ್ಟೆಯಾಕಾರದ ಗಂಟಿನದು), ಜೊತೆಗೆ ಡಿನ್ನರ್ ಜಾಕೆಟ್. ಅಮೆರಿಕದವರು ಟಕ್ಸೀಡೊ ಅನ್ನುವುದು ಇದನ್ನೇ. ಇದು ಸಂಜೆ ಆರರ ನಂತರದ ಉಡುಪು. ಹಗಲಿನ ಧಾರೆಗೆ ಹಾಕಿಕೊಂಡು ಹೋಗಬೇಡಿ.

ಸೂಟಿಗೂ ಇದಕ್ಕೂ ಇರುವ ವ್ಯತ್ಯಾಸವೆಲ್ಲ ಹೊಳಪಿನ ಬಟ್ಟೆಯದು. ಲ್ಯಾಪೆಲ್ (ಕೋಟಿನ ಎದೆಯ ಮೇಲೆ ಹೊರಮಡಚಿದ ಭಾಗ) ಮೇಲೆ ಸ್ಯಾಟಿನ್ ಇದ್ದರೆ ಪ್ಯಾಂಟಿನ ಹೊರಬದಿಯ ಹೊಲಿಗೆಗುಂಟ ಅದರದೇ ಒಂದು ಪಟ್ಟಿ, ಬೋ ಕೂಡ ಅದೇ ಬಗೆಯದು. ಟೈಲರ್‌ಗೆ ಬರೆದುಕೊಡಿ: ಒಂದೇ ಗುಂಡಿ, ಪೀಕ್ (ತುದಿ ಮೇಲಕ್ಕೆ ಚೂಪಾದ) ಅಥವಾ ಶಾಲ್ (ಕಚ್ಚಿಲ್ಲದ, ದುಂಡನೆಯ) ಲ್ಯಾಪೆಲ್, ಜೇಬಿಗೆ ಮುಚ್ಚಳ ಬೇಡ, ಬೆನ್ನ ನಡುವೆ ಸೀಳು ಬೇಡ, ಪ್ಯಾಂಟಿಗೆ ಬೆಲ್ಟಿನ ಲೂಪ್ ಬೇಡ, ಕಾಲಿನ ತುದಿಯಲ್ಲಿ ಮಡಿಕೆ ಬೇಡ. ಬಾಯಲ್ಲಿ ಹೇಳಿದರೆ ಅಭ್ಯಾಸಬಲದಿಂದ ಎರಡು ಗುಂಡಿಯ, ನಾಚ್ (ಕಚ್ಚು ಇರುವ) ಲ್ಯಾಪೆಲ್ ಕೋಟೇ ಬರುತ್ತದೆ. ಪ್ಯಾಂಟು ನಿಲ್ಲಲು ಒಳಗಡೆ ಆರು ಗುಂಡಿ ಹಾಕಿಸಿ ಬ್ರೇಸಸ್ (ಭುಜದ ಮೇಲಿಂದ ಹಾಯುವ ಪಟ್ಟಿ) ತೊಡಿ. ಕೈಯೆತ್ತಿದಾಗ ಕೋಟಿನ ಗುಂಡಿಯ ಕೆಳಗೆ ಅಂಗಿ ಇಣುಕುತ್ತದೆ. ಅದನ್ನು ಮುಚ್ಚಲೆಂದೇ ಕಮ್ಮರ್‌ಬಂಡ್, ಅಂದರೆ ಸೊಂಟಕ್ಕೆ ಸುತ್ತುವ ನೆರಿಗೆಯ ಅಗಲ ಪಟ್ಟಿ. ಅದರ ನೆರಿಗೆಯ ಬಾಯಿ ಮೇಲ್ಮುಖವಾಗಿರಲಿ.

ಬಿಳಿ ಅಂಗಿಗೆ ಮಡಚುವ ಕಫ್, ಅದಕ್ಕೆ ಗುಂಡಿಯ ಬದಲು ಕಫ್‌ಲಿಂಕ್. ಕಫ್ ಕೋಟಿನ ತೋಳಿನಿಂದ ಒಂದು ಸೆಂ.ಮೀ. ಹೊರಗೆ ಕಾಣಬೇಕು. ಕಪ್ಪು ಲೇಸ್ ಶೂ.

ಬೋ ರೆಡಿಮೇಡ್ ಬೇಡ. ಎರಡೂ ಕಡೆ ಅಳತೆಗೆ ಅಳತೆ ಕೂತಿದ್ದು ದೂರದಿಂದಲೇ ಗೊತ್ತಾಗುತ್ತದೆ. ಗಂಟು ಶೂ ಲೇಸಿನದೇ. ಎಡತುದಿ 3-4 ಸೆಂ.ಮೀ. ಉದ್ದ ಬಿಟ್ಟು ಬಲದ ಮೇಲೆ ದಾಟಿಸಿ, ಕೆಳಗಿನಿಂದ ಮೇಲೆತ್ತಿ ಬಿಗಿಯಿರಿ. ಇಲ್ಲಿ ಸಡಿಲವಾದರೆ ಊಟ ಮುಗಿಯುವಷ್ಟರಲ್ಲಿ ಜೋತುಬೀಳುತ್ತದೆ. ಗಿಡ್ಡ ತುದಿಯನ್ನು ಬೋ ಆಕಾರಕ್ಕೆ ಅಡ್ಡ ಮಡಚಿ ಹಿಡಿದು, ಉದ್ದದ್ದನ್ನು ಅದರ ನಡುವೆ ಮುಂದಿನಿಂದ ಇಳಿಬಿಡಿ. ಇದನ್ನೂ ಮಡಚಿ ಹಿಂದಿನ ಸಂದಿಗೆ ತೂರಿಸಿ. ಬಿಗಿಯುವಾಗ ಮಡಿಕೆಗಳನ್ನೇ ಎಳೆಯಿರಿ, ಬಿಡಿ ತುದಿ ಎಳೆದರೆ ಬಿಚ್ಚಿಕೊಳ್ಳುತ್ತದೆ.

ಪ್ರಶ್ನೆ: ಇಂಥ ಊಟಕ್ಕೆ ಜೋಧಪುರಿ ಕೋಟು ನಡೆಯುತ್ತದೆಯೇ? ಪಂಚೆ?
– ಓದುಗರು, ಶಿವಮೊಗ್ಗ

ಉತ್ತರ: ಕಪ್ಪು ಬಂದ್‌ಗಲಾ (ಜೋಧಪುರಿ ಕೋಟೇ), ಅದೇ ಬಟ್ಟೆಯ ಪ್ಯಾಂಟು ನಮ್ಮ ದೇಶದಲ್ಲಿ ಸಾಮಾನ್ಯವಾಗಿ ನಡೆಯುತ್ತದೆ. ಅರೆಬರೆ ಡಿನ್ನರ್ ಜಾಕೆಟ್ಟಿಗಿಂತ ಅದೇ ಮೇಲು. ಕುತ್ತಿಗೆಯ ಕೊಂಡಿ ಹಾಕಿರಲಿ, ಬೋ ಬೇಕಿಲ್ಲ. ಪಂಚೆಯ ಮಾತು ಬೇರೆ. ಪಂಚೆಯುಟ್ಟವರನ್ನು ಕ್ಲಬ್ಬುಗಳು ತಡೆಯಬಾರದೆಂದು ತಮಿಳುನಾಡು 2014ರಲ್ಲಿ ಕಾನೂನು ಮಾಡಿತು, ಆದರೆ ಅದು ಆ ರಾಜ್ಯದ್ದು. ಕರೆದವರಿಗೆ ಮೊದಲೇ ಫೋನ್ ಮಾಡಿ ಕೇಳಿಬಿಡಿ. ಕೇಳುವುದರಲ್ಲಿ ಸಣ್ಣತನವೇನೂ ಇಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಕೋಟಿಗೆ ಬೂಷ್ಟು ಹಿಡಿಯುತ್ತದೆ. ಏನು ಮಾಡುವುದು?
– ಓದುಗರು, ಹೊಸನಗರ

ಉತ್ತರ: ಡ್ರೈಕ್ಲೀನ್‌ನವರು ಕೊಟ್ಟ ಪ್ಲಾಸ್ಟಿಕ್ ಕವರ್ ಮೊದಲು ತೆಗೆಯಿರಿ, ತೇವ ಅದರೊಳಗೇ ಉಳಿಯುತ್ತದೆ. ಹಳೆ ಕಾಟನ್ ಪಂಚೆಯ ಚೀಲ ಹೊಲಿಸಿ, ಅಗಲ ಭುಜದ ಹ್ಯಾಂಗರಿಗೆ ತೂಗಿಹಾಕಿ. ಬೆವರು, ಸಾರಿನ ಕಲೆ ಇದ್ದಂತೆಯೇ ಬೀರುವಿನಲ್ಲಿಟ್ಟರೆ ಬೂಷ್ಟಿಗೆ ಊಟ ಬಡಿಸಿದ ಹಾಗೆ. ನುಸಿಗುಳಿಗೆ ಹುಳುವಿಗೆ ಆಗುತ್ತದೆ, ತೇವಕ್ಕಲ್ಲ. ಅದಕ್ಕೆ ಸಿಲಿಕಾ ಜೆಲ್ ಬೇಕು. ಬಂದ ಬೂಷ್ಟನ್ನು ಅಂಗಳದಲ್ಲಿ ಒಣ ಬ್ರಷ್ಷಿನಿಂದ ತೆಗೆಯಿರಿ. ಒದ್ದೆ ಬಟ್ಟೆಯಿಂದ ಒರೆಸಿದರೆ ನೂಲಿನೊಳಕ್ಕೆ ಇಳಿಯುತ್ತದೆ. ಸ್ಯಾಟಿನ್‌ಗೆ ಮಾತ್ರ ನೇರ ಇಸ್ತ್ರಿ ಇಡಬೇಡಿ: ಮೇಲೆ ತೆಳು ಕಾಟನ್ ಬಟ್ಟೆ ಹಾಸಿ, ಕಡಿಮೆ ಬಿಸಿಯಲ್ಲಿ ಒತ್ತಿ.